ತಡವಾಗಿ ಮುಗಿದ ಆಟ

ಪರೀಕ್ಷೆಯ ದಿನಗಳಲ್ಲಿ ಮೇಷ್ಟ್ರ ಮಕ್ಕಳ ಪಾಡು ಯಾರಿಗೂ ಬೇಡ. ಅವರಿಗೆ ಶಾಲೆಯಲ್ಲೂ ಮೇಷ್ಟ್ರು, ಮನೆಯಲ್ಲೂ ಮೇಷ್ಟ್ರು. 2008ರ ಮಾರ್ಚ್ ತಿಂಗಳ ಒಂದು ಸಂಜೆ. ಏಳನೇ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗ ಕಿಟಕಿಯ ಪಕ್ಕ ಕುಳಿತು, ಕೈಯಲ್ಲಿ ಹಿಡಿದ ಬೂದು ಬಣ್ಣದ ಪೆಟ್ಟಿಗೆಯೊಂದರ ಗುಂಡಿಗಳನ್ನು ಒತ್ತುತ್ತಿದ್ದ. ಗಲ್ಫ್‌ನಲ್ಲಿದ್ದ ಅವನ ಸೋದರಮಾವ, ತಮ್ಮ ಮಗ ಆಡಿ ಬಿಟ್ಟಿದ್ದ ಹಳೆಯ ಗೇಮ್ ಬಾಯ್ ಯಂತ್ರವನ್ನು ರಜೆಗೆ ಬಂದಾಗ ತಂದುಕೊಟ್ಟಿದ್ದರು. ಮರುದಿನ ಗಣಿತ ಪರೀಕ್ಷೆ. ನಾನು ಕೈ ಚಾಚಿದೆ.

‘ಅಪ್ಪಾ, ಎರಡೇ ನಿಮಿಷ ತಡೀರಿ, ಸೇವ್ ಮಾಡಿ ಕೊಡ್ತೀನಿ’ ಎಂದ.

ನಾನು ತಡೆಯಲಿಲ್ಲ. ಕಿತ್ತುಕೊಂಡು, ಸ್ವಿಚ್ ಆರಿಸಿ, ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದೆ. ಪರೀಕ್ಷೆ ಮುಗಿಯಿತು, ಎಂಟನೇ ತರಗತಿ ಬಂತು, ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ. ನಾನು ಕೊಡಲಿಲ್ಲ, ಅವನೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ‘ಮರೆತಿದ್ದಾನೆ’ ಎಂದು ನಾನು ಅರ್ಥ ಮಾಡಿಕೊಂಡೆ.

ಈಗ ಅವನು ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಯುಗಾದಿಗೆ ಬಂದಾಗ ಬೀರು ಒರೆಸುತ್ತಿದ್ದ ಅವನ ಅಮ್ಮನ ಕೈಗೆ ಆ ಪೆಟ್ಟಿಗೆ ಸಿಕ್ಕಿತು. ಅದನ್ನು ತಿರುಗಿಸಿ ನೋಡುತ್ತ ಅವನು ನಗುತ್ತಲೇ ಹೇಳಿದ: ‘ಆರು ವಾದ್ಯ ಸಿಕ್ಕಿತ್ತಪ್ಪಾ, ಇನ್ನೆರಡು ಬಾಕಿ ಇತ್ತು. ಆ ದ್ವೀಪ ಕೊನೆಗೆ ಏನಾಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.’

ಇಷ್ಟು ವರ್ಷಗಳಲ್ಲಿ ಯಾರನ್ನಾದರೂ ಕೇಳಿ ತಿಳಿಯಬಹುದಿತ್ತಲ್ಲ ಎಂದೆ. ‘ಕೇಳಲಿಲ್ಲ. ನಾನೇ ಮುಗಿಸಿ ನೋಡಬೇಕು ಅಂತಿದ್ದೆ’ ಎಂದ. ಅಷ್ಟೇ ಮಾತು. ಅವನು ಹಬ್ಬ ಮುಗಿಸಿ ಊರಿಗೆ ಹೋದ. ನನಗೆ ಮಾತ್ರ ಆ ಎರಡು ನಿಮಿಷ ಹೊಟ್ಟೆಯೊಳಗೆ ಕೊರೆಯತೊಡಗಿತು. ಬೇಸಿಗೆ ರಜೆ ಬಂತು. ಆ ಆಟವನ್ನು ನಾನೇ ಮುಗಿಸುವುದೆಂದು ಕುಳಿತೆ.

ಲಿಟ್ಮಸ್ ಕಾಗದದಿಂದ ಆರಂಭ

ಸ್ವಿಚ್ ಹಾಕಿದರೆ ಸದ್ದಿಲ್ಲ. ಹಿಂದಿನ ಮುಚ್ಚಳ ತೆಗೆದಾಗ ನಾಲ್ಕು ಪೆನ್ಸಿಲ್ ಸೆಲ್‌ಗಳೂ ಸೋರಿ, ಲೋಹದ ಪಟ್ಟಿಗಳ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಒದ್ದೆ ಮಾಡಿದ ಕೆಂಪು ಲಿಟ್ಮಸ್ ತಾಗಿಸಿದೆ, ನೀಲಿಗೆ ತಿರುಗಿತು. ಅಂದರೆ ಪ್ರತ್ಯಾಮ್ಲ. ಆಲ್ಕಲೈನ್ ಸೆಲ್‌ಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ಸೋರಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಾರ್ಬೋನೇಟ್ ಆಗುತ್ತದೆ. ಹತ್ತಿಗೆ ವಿನೆಗರ್ ಅದ್ದಿ ಒರೆಸಿದಾಗ ಚುರುಚುರು ಎಂದು ಗುಳ್ಳೆ ಬಂತು. ನಮ್ಮ ಎಂಟನೇ ತರಗತಿಯ ಪಾಠವೇ! ಮಕ್ಕಳೇ, ಬಹುಕಾಲ ಬಳಸದ ಟಾರ್ಚ್, ರಿಮೋಟ್, ಆಟಿಕೆಗಳಿಂದ ಸೆಲ್ ತೆಗೆದಿಡಿ. ನಾನು ಈ ಮಾತನ್ನು ತರಗತಿಯಲ್ಲಿ ನೂರು ಸಲ ಹೇಳಿ ಮನೆಯಲ್ಲಿ ಒಮ್ಮೆಯೂ ಮಾಡಲಿಲ್ಲ.

ಹೊಸ ಸೆಲ್ ಹಾಕಿದೆ, ಪರದೆ ಬೆಳಗಿತು. ಬೆಳಗಿತು ಎನ್ನುವುದೂ ತಪ್ಪು. ಈ ಪರದೆಗೆ ತನ್ನದೇ ಬೆಳಕಿಲ್ಲ. ಎರಡು ಧ್ರುವೀಕಾರಕ ಹಾಳೆಗಳ ನಡುವೆ ದ್ರವ ಸ್ಫಟಿಕ, ಹಿಂದೆ ಬೆಳಕನ್ನು ಹಿಂದಿರುಗಿಸುವ ಪದರ. ಹೊರಗಿನ ಬೆಳಕು ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ನನ್ನ ಮಗ ಯಾವಾಗಲೂ ಕಿಟಕಿಯ ಪಕ್ಕವೇ ಏಕೆ ಕೂರುತ್ತಿದ್ದ ಎಂಬುದು ನನಗೆ ಈಗ ತಿಳಿಯಿತು.

ಆದರೆ ಅವನ ಆಟ ಅಲ್ಲಿರಲಿಲ್ಲ. ಆಡುವವರ ಹೆಸರು ಬರೆಯುವ ಮೂರು ಖಾನೆಗಳೂ ಖಾಲಿ. ಕಾರಣ ಹೀಗಿದೆ. ನಮ್ಮ ಮಕ್ಕಳು ‘ಕ್ಯಾಸೆಟ್’ ಎಂದು ಕರೆಯುವ ಆ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಆಟವೆಲ್ಲ ರಾಮ್ ಅಲ್ಲದ, ಅಳಿಸಲಾಗದ ಒಂದು ಚಿಪ್‌ನಲ್ಲಿ ಅಚ್ಚಾಗಿರುತ್ತದೆ. ಆಡುವವನು ಎಲ್ಲಿಯವರೆಗೆ ಬಂದ ಎಂಬ ಲೆಕ್ಕ ಮಾತ್ರ ಪಕ್ಕದ ರಾಮ್ ಚಿಪ್‌ನಲ್ಲಿ ಇರುತ್ತದೆ. ಅದು ವಿದ್ಯುತ್ ಇರುವ ತನಕ ಮಾತ್ರ ನೆನಪಿಡುವ ಜಾತಿಯದು. ಆ ನೆನಪನ್ನು ಉಳಿಸಲೆಂದು ಒಳಗೆ 3 ವೋಲ್ಟ್‌ನ ಲಿಥಿಯಂ ಬಟನ್ ಸೆಲ್ ಇದೆ. ಅತ್ಯಲ್ಪ ವಿದ್ಯುತ್ ಸಾಕಾದ್ದರಿಂದ ಅದು ಎಷ್ಟೋ ವರ್ಷ ಬಾಳುತ್ತದೆ, ಆದರೆ ಚಿರಂಜೀವಿಯಲ್ಲ. ಬೀರುವಿನ ಕತ್ತಲಲ್ಲಿ ಅದು ಯಾವತ್ತೋ ತೀರಿತ್ತು. ಅದರೊಂದಿಗೆ ನನ್ನ ಮಗನ ಆರು ವಾದ್ಯಗಳೂ ತೀರಿದ್ದವು.

ಬಸ್ ಸ್ಟ್ಯಾಂಡ್ ಹತ್ತಿರದ ಟಿವಿ ರಿಪೇರಿಯವರು ಸಾಮಾನ್ಯ ಸ್ಕ್ರೂ ಡ್ರೈವರ್‌ಗೆ ಬಗ್ಗದ ಆ ಸ್ಕ್ರೂವನ್ನು, ಬಿಸಿ ಮಾಡಿ ಮೆತ್ತಗಾಗಿಸಿದ ಪೆನ್ನಿನ ಕೊಳವೆಯನ್ನು ಒತ್ತಿ ಅಚ್ಚು ತೆಗೆದು ತಿರುಗಿಸಿದರು. ಹೊಸ ಸೆಲ್ ಬೆಸುಗೆ ಹಾಕಿಕೊಟ್ಟರು. ‘ಮೊಮ್ಮಗನಿಗಾ ಸಾರ್?’ ಎಂದರು. ಹೌದು ಎಂದುಬಿಟ್ಟೆ.

ಕಡಲಲ್ಲಿ ಸಿಕ್ಕ ದ್ವೀಪ

ಆಟದ ಹೆಸರು ‘ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್’. ಜಪಾನಿನ ನಿಂಟೆಂಡೊ ಕಂಪನಿ ಇದನ್ನು 1993ರ ಜೂನ್‌ನಲ್ಲಿ ಬಿಡುಗಡೆ ಮಾಡಿತು. ಯಂತ್ರ ಇನ್ನೂ ಹಳೆಯದು, 1989ರದು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್ಪೇ ಯೊಕೊಯ್. ಹಳೆಯದಾಗಿ ಅಗ್ಗವಾದ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬುದು ಅವರ ಸಿದ್ಧಾಂತ. ಪ್ರತಿಸ್ಪರ್ಧಿಯೊಂದು 1990ರಲ್ಲಿ ಬಣ್ಣದ ಪರದೆ ತಂದಿತು. ಅದಕ್ಕೆ ಆರು ಸೆಲ್ ಬೇಕಿತ್ತು, ಅವೂ ನಾಲ್ಕೈದು ಗಂಟೆಯಲ್ಲಿ ಖಾಲಿ. ಯೊಕೊಯ್ ಅವರ ಬಣ್ಣವಿಲ್ಲದ ಯಂತ್ರ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ನಡೆಯುತ್ತಿತ್ತು. ಇದೂ ಇದರ ಮುಂದಿನ ಬಣ್ಣದ ಮಾದರಿಯೂ ಸೇರಿ ಜಗತ್ತಿನಲ್ಲಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಪರದೆಯ ಮೇಲೆ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಗುಣಿಸಿದರೆ 23,040. ಪ್ರತಿ ಚುಕ್ಕಿಗೂ ನಾಲ್ಕೇ ಛಾಯೆ. ಇಡೀ ಆಟ 512 ಕಿಲೋಬೈಟ್‌ನಲ್ಲಿ ಅಡಗಿದೆ. ಈಗಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಅಷ್ಟರಲ್ಲೇ ಒಂದು ದ್ವೀಪ, ಊರು, ಕಾಡು, ಮರಳುಗಾಡು, ಬೆಟ್ಟ, ಕೋಟೆ, ಹಾಡು, ಜನ!

ಕೆಲಸದ ಅವಧಿ ಮುಗಿದ ಮೇಲೆ ಕಜುವಾಕಿ ಮೊರಿಟ ಎಂಬ ಪ್ರೋಗ್ರಾಮರ್ ಕುತೂಹಲಕ್ಕೆ ಆರಂಭಿಸಿದ ಪ್ರಯೋಗದಿಂದ ಈ ಆಟ ಹುಟ್ಟಿತು. ಒಬ್ಬೊಬ್ಬರಾಗಿ ಸಹೋದ್ಯೋಗಿಗಳು ಸೇರಿಕೊಂಡರು. ಶಾಲೆ ಬಿಟ್ಟ ಮೇಲೆ ಮಕ್ಕಳು ನಡೆಸುವ ಸಂಘದ ಹಾಗಿತ್ತು ಆ ಕೆಲಸ ಎಂದು ನಿರ್ದೇಶಕ ತಕಾಶಿ ತೆಜುಕಾ ಮುಂದೆ ನೆನಪಿಸಿಕೊಂಡಿದ್ದಾರೆ. ವಿಜ್ಞಾನ ಸಂಘ ನಡೆಸಿದ ನನಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅಂಕ ಇಲ್ಲದ ಕಡೆಯೇ ಹುಡುಗರು ಮನಸ್ಸಿಟ್ಟು ದುಡಿಯುತ್ತಾರೆ.

ಕಥೆ ಇಷ್ಟು. ಬಿರುಗಾಳಿಗೆ ಹಡಗು ಒಡೆದು ಲಿಂಕ್ ಎಂಬ ಹುಡುಗ ಕೊಹೊಲಿಂಟ್ ಎಂಬ ದ್ವೀಪದ ದಡ ಸೇರುತ್ತಾನೆ. ಮಾರಿನ್ ಎಂಬ ಹುಡುಗಿ ಅವನನ್ನು ಕಂಡು ಮನೆಗೆ ತಂದು ಉಪಚರಿಸುತ್ತಾಳೆ. ದ್ವೀಪದಿಂದ ಹೊರಗೆ ಹೋಗಬೇಕಾದರೆ ಬೆಟ್ಟದ ತುದಿಯ ದೊಡ್ಡ ಮೊಟ್ಟೆಯೊಳಗೆ ಮಲಗಿರುವ ‘ಗಾಳಿ ಮೀನ’ನ್ನು ಎಬ್ಬಿಸಬೇಕು ಎಂದು ಗೂಬೆಯೊಂದು ಹೇಳುತ್ತದೆ. ಎಬ್ಬಿಸಲು ಎಂಟು ವಾದ್ಯಗಳು ಬೇಕು. ಶಂಖ, ಗಂಟೆ, ಹಾರ್ಪ್, ಡೋಲು ಹೀಗೆ ಒಂದೊಂದೂ ಒಂದೊಂದು ಗವಿಯಲ್ಲಿ.

ಮೊದಲ ಎರಡು ದಿನ ಕಡಲ ತೀರದಲ್ಲೇ ಸತ್ತೆ. ಬೆರಳು ಬಗ್ಗುತ್ತಿರಲಿಲ್ಲ. ‘ರೀ, ಈ ವಯಸ್ಸಲ್ಲಿ ಇದೆಲ್ಲ ಬೇಕಾ?’ ಎಂದು ಮನೆಯವಳು ಕೇಳಿದಳು. ಮೂರನೆಯ ದಿನ ಒಂದು ಸಂಗತಿ ಗಮನಕ್ಕೆ ಬಂತು. ಪ್ರತಿ ಗವಿಯಲ್ಲೂ ಒಂದು ಹೊಸ ಸಲಕರಣೆ ಸಿಗುತ್ತದೆ. ಮೊದಲನೆಯದರಲ್ಲಿ ಹಾರಲು ಗರಿ, ಎರಡನೆಯದರಲ್ಲಿ ಕಲ್ಲೆತ್ತುವ ಕೈಪಟ್ಟಿ, ಮೂರನೆಯದರಲ್ಲಿ ವೇಗವಾಗಿ ಓಡುವ ಬೂಟು, ನಾಲ್ಕನೆಯದರಲ್ಲಿ ಈಜುವ ಪಾದ. ಸಿಕ್ಕ ಸಲಕರಣೆಯನ್ನು ಅದೇ ಗವಿಯಲ್ಲಿ ಸುಲಭದ ಕಡೆ ಬಳಸಿ ನೋಡುತ್ತೇವೆ. ಆಮೇಲೆ ಕಷ್ಟದ ಕಡೆ. ಹೊರಗೆ ಬಂದಾಗ ಮೊದಲು ದಾಟಲಾಗದಿದ್ದ ಹಳ್ಳ, ಎತ್ತಲಾಗದಿದ್ದ ಬಂಡೆ ಈಗ ದಾರಿ ಬಿಡುತ್ತವೆ. ಬಿ.ಎಡ್.ನಲ್ಲಿ ನಮಗೆ ಪಾಠ ಯೋಜನೆ ಬರೆಸುವಾಗ ಹೇಳಿಕೊಟ್ಟದ್ದೂ ಇದನ್ನೇ. ಇಷ್ಟು ಅಚ್ಚುಕಟ್ಟಾಗಿ ಬರೆದ ಪಾಠ ಯೋಜನೆಯನ್ನು ನಾನು ಕಂಡದ್ದು ಕಡಿಮೆ.

ನಡುವೆ ನಮ್ಮ ಅಜ್ಜಿ ಕಥೆಯ ಕೋತಿ ಬಾಲ ಕೊಟ್ಟು ಕತ್ತಿ ಪಡೆದಂತಹ ವಿನಿಮಯದ ಸರಪಳಿಯೂ ಇದೆ. ಗೊಂಬೆ ಕೊಟ್ಟರೆ ರಿಬ್ಬನ್, ರಿಬ್ಬನ್ನಿಗೆ ನಾಯಿಯ ಆಹಾರದ ಡಬ್ಬಿ, ಅದಕ್ಕೆ ಮೊಸಳೆಯಿಂದ ಬಾಳೆಹಣ್ಣು. ಹಣ್ಣು ಕೊಟ್ಟರೆ ಕೋತಿಗಳು ಸೇತುವೆ ಕಟ್ಟಿ ಕೋಲೊಂದನ್ನು ಬಿಟ್ಟು ಹೋಗುತ್ತವೆ. ಆ ಕೋಲಿನಿಂದ ಮಾರಿನ್‌ಳ ಮನೆಯ ತಾರಿನ್ ಜೇನುಗೂಡನ್ನು ಕೆಣಕಿ ಕಚ್ಚಿಸಿಕೊಳ್ಳುತ್ತಾನೆ, ನಮಗೆ ಜೇನುಹುಟ್ಟು ಉಳಿಯುತ್ತದೆ. ಹೀಗೆ ಹದಿನಾಲ್ಕನೆಯದಾಗಿ ಕೈಗೆ ಬರುವುದು ಯಾವುದು ಗೊತ್ತೇ? ಭೂತಗನ್ನಡಿ! ಊರಿನ ಗ್ರಂಥಾಲಯದಲ್ಲಿ ಅಕ್ಷರ ತೀರ ಸಣ್ಣದಾಗಿ ಓದಲಾಗದಿದ್ದ ಪುಸ್ತಕ ಆ ಮಸೂರದಿಂದ ಓದಲು ಬರುತ್ತದೆ. ಮೊಟ್ಟೆಯೊಳಗಿನ ಜಟಿಲ ದಾರಿಯ ಗುಟ್ಟು ಅದರಲ್ಲೇ ಇದೆ. ಕೊನೆಯ ಬಾಗಿಲಿಗೆ ದಾರಿ ತೋರಿಸಿದ್ದು ಕತ್ತಿಯಲ್ಲ. ಮಸೂರ ಮತ್ತು ಪುಸ್ತಕ. ವಿಜ್ಞಾನದ ಮೇಷ್ಟ್ರಿಗೆ ಇನ್ನೇನು ಬೇಕು?

ಅಂಗಡಿಯವನು ಅತ್ತ ತಿರುಗಿದಾಗ ಕದ್ದು ಓಡಲೂ ಆಟದಲ್ಲಿ ಅವಕಾಶವಿದೆ. ಕದ್ದರೆ ಅಲ್ಲಿಂದ ಮುಂದೆ ಎಲ್ಲರೂ ನಿಮ್ಮನ್ನು ‘ಕಳ್ಳ’ ಎಂದೇ ಕರೆಯುತ್ತಾರೆ. ಮತ್ತೆ ಅದೇ ಅಂಗಡಿಗೆ ಹೋದರೆ ಅಂಗಡಿಯವನು ಪ್ರಾಣವನ್ನೇ ತೆಗೆಯುತ್ತಾನೆ. ನನಗೆ ಧೈರ್ಯ ಬರಲಿಲ್ಲ. ಫೋನಿನಲ್ಲಿ ಮಗನನ್ನು ಕೇಳಿದೆ. ‘ನನ್ನ ಹೆಸರು ಕಳ್ಳ ಅಂತಲೇ ಇತ್ತಪ್ಪಾ’ ಎಂದು ನಕ್ಕ.

ನಾಲ್ಕು ದಿನ ಒಂದೇ ಗೋಪುರ

ಏಳನೆಯ ವಾದ್ಯ ಇರುವುದು ಬೆಟ್ಟದ ಮೇಲಿನ ಹದ್ದಿನ ಗೋಪುರದಲ್ಲಿ. ಅಲ್ಲಿ ನಾಲ್ಕು ದಿನ ಸಿಕ್ಕಿಬಿದ್ದೆ. ಭಾರದ ಕಬ್ಬಿಣದ ಗುಂಡೊಂದಿದೆ. ನಾಲ್ಕು ಕಂಬಗಳಿವೆ. ಗುಂಡು ಎಸೆದರೆ ಕಂಬ ಒಡೆಯುತ್ತದೆ. ಆದರೆ ಗುಂಡನ್ನು ಎತ್ತಿಕೊಂಡು ಎಲ್ಲ ಕೋಣೆಗೂ ಹೋಗಲಾಗದು. ಒಮ್ಮೆ ಗೋಡೆಯಾಚೆ ಎಸೆದು, ಸುತ್ತಿ ಬಳಸಿ ಬಂದು ಎತ್ತಿಕೊಳ್ಳಬೇಕು. ಗ್ರಾಫ್ ಹಾಳೆಯ ಮೇಲೆ ಒಂದೊಂದು ಮಹಡಿಯ ನಕ್ಷೆ ಬರೆದೆ. ಏನು ಮಾಡಿದೆ, ಏನಾಯಿತು ಎಂದು ಪ್ರಯೋಗದ ರೆಕಾರ್ಡ್ ಬರೆಯುವ ಹಾಗೆ ಟಿಪ್ಪಣಿ ಇಟ್ಟೆ. ಐದನೆಯ ದಿನ ನಾಲ್ಕನೆಯ ಕಂಬ ಬಿತ್ತು. ಯಂತ್ರವೇ ನಡುಗಿತೇನೋ ಎಂಬಂತೆ ಮೇಲಿನ ಮಹಡಿ ಕುಸಿದು ಕೆಳಗಿನದರ ಮೇಲೆ ಕುಳಿತಿತು! ಅಷ್ಟು ಹೊತ್ತು ಎಟುಕದಿದ್ದ ಕೋಣೆಗಳು ಎದುರಿಗೇ ಬಂದವು. ನಾನು ಕುರ್ಚಿಯಿಂದೆದ್ದು ಕೂಗಿದ್ದು ಅಡುಗೆ ಮನೆಗೂ ಕೇಳಿಸಿತು.

ಆಗ ನನಗೆ ನಾಚಿಕೆಯೂ ಆಯಿತು. ಹನ್ನೆರಡು ವರ್ಷದ ಹುಡುಗ ಇಂತಹ ಆರು ಗವಿಗಳನ್ನು ಯಾರ ಸಹಾಯವೂ ಇಲ್ಲದೆ, ಇಂಗ್ಲಿಷನ್ನೂ ತಡವರಿಸಿ ಓದುತ್ತ ದಾಟಿದ್ದ. ಆ ಹುಡುಗನನ್ನು ನಾನು ‘ಸೋಮಾರಿ’ ಎಂದಿದ್ದೆ.

ಮುಗಿಸುವುದೋ ಬೇಡವೋ

ಈ ಆಟವನ್ನು ತಾವೇ ಆಡಿ ಮುಗಿಸಬೇಕೆಂದಿರುವವರು ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಬಹುದು. 2019ರಲ್ಲಿ ಇದೇ ಆಟ ಬಣ್ಣಬಣ್ಣದ ಹೊಸ ರೂಪದಲ್ಲಿ ಇನ್ನೊಂದು ಯಂತ್ರಕ್ಕೆ ಬಂದಿದೆ.

ಆರನೆಯ ವಾದ್ಯಕ್ಕೆ ಹೋಗುವ ಮೊದಲು ಹಾಳುಬಿದ್ದ ಗುಡಿಯೊಂದರ ಗೋಡೆಯ ಮೇಲಿನ ಬರಹವನ್ನು ಓದಬೇಕಾಗುತ್ತದೆ. ಈ ದ್ವೀಪ, ಇಲ್ಲಿನ ಜನ, ಪ್ರಾಣಿ ಎಲ್ಲವೂ ಗಾಳಿ ಮೀನಿನ ಕನಸು. ಅದು ಎಚ್ಚರಗೊಂಡರೆ ದ್ವೀಪ ಇಲ್ಲವಾಗುತ್ತದೆ ಎಂದು ಅಲ್ಲಿದೆ. ಹಿಂದಿನ ಒಂದು ಮಾತು ಆಗ ನೆನಪಾಯಿತು. ‘ನೀವು ಇಲ್ಲಿ ಯಾವಾಗಿನಿಂದ ಇದ್ದೀರಿ?’ ಎಂಬ ಪ್ರಶ್ನೆ ಬಂದಾಗ ಊರಿನ ಹುಡುಗನೊಬ್ಬನಿಗೆ ‘ಯಾವಾಗ’ ಎಂಬ ಪದವೇ ಅರ್ಥವಾಗಿರಲಿಲ್ಲ. ಕನಸಿನೊಳಗಿನವರಿಗೆ ಕಾಲವೆಲ್ಲಿಯದು?

ಅಲ್ಲಿಂದ ಮುಂದೆ ಆಟದ ಬಣ್ಣವೇ ಬದಲಾಗುತ್ತದೆ. ಒಂದೊಂದು ವಾದ್ಯ ಗೆದ್ದಾಗಲೂ ಆ ಊರನ್ನು ಅಷ್ಟಷ್ಟು ಅಳಿಸುತ್ತಿದ್ದೇವೆ. ಕಡಲ ಹಕ್ಕಿಯಾಗಿ ದೂರ ಹಾರಿಹೋಗಬೇಕು ಎಂದು ಆಸೆಪಡುವ ಮಾರಿನ್ ಕೂಡ ಅಳಿಯುವವಳೇ. ಆದರೆ ಎಬ್ಬಿಸದಿದ್ದರೆ ಲಿಂಕ್ ಎಂದೆಂದಿಗೂ ಅಲ್ಲೇ. ನನ್ನ ಮಗ ಈ ಬರಹ ಓದಿದ ಮೇಲೆ, ಏನು ಮಾಡಬೇಕೆಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತಿದ್ದಾಗ ನಾನು ಆಟವನ್ನು ಕಿತ್ತುಕೊಂಡಿದ್ದೆ.

ಎಂಟು ವಾದ್ಯ ನುಡಿಸಿದೆ. ಮೊಟ್ಟೆ ಒಡೆಯಿತು. ಒಳಗೆ ರೂಪ ಬದಲಿಸುವ ನೆರಳೊಂದರೊಡನೆ ಹೋರಾಟ. ಮೇ ತಿಂಗಳ ಒಂದು ಮಧ್ಯಾಹ್ನ ಗೆದ್ದೆ. ದ್ವೀಪ ತುಣುಕು ತುಣುಕಾಗಿ ಮಾಯವಾಯಿತು. ಲಿಂಕ್ ಕಡಲ ನಡುವೆ ಮರದ ತುಂಡಿನ ಮೇಲೆ ಕುಳಿತಿದ್ದ. ತಲೆಯ ಮೇಲೆ ಆ ದೊಡ್ಡ ಮೀನು ಹಾರಿಹೋಯಿತು. ಅವನು ಅಳುವುದಿಲ್ಲ, ಮೇಲೆ ನೋಡಿ ನಗುತ್ತಾನೆ. ನಾನು ಬಹಳ ಹೊತ್ತು ಯಂತ್ರ ಆರಿಸಲಿಲ್ಲ.

ಮುಗಿಯುವ ಆಟ, ಮುಗಿಯದ ಆಟ

ಪೋಷಕರೇ, ಈ ವಯಸ್ಸಿನಲ್ಲಿ ಆಟ ಆಡಿ ಕಲಿತದ್ದನ್ನು ನಿಮಗೆ ಹೇಳಬೇಕು. ಆಟಗಳಲ್ಲಿ ಎರಡು ಬಗೆ. ಒಂದು, ಕಾದಂಬರಿಯ ಹಾಗೆ ಕೊನೆಯ ಪುಟ ಇರುವುದು. ಮುಗಿಸಿದವನು ಮುಚ್ಚಿಟ್ಟು ಏಳುತ್ತಾನೆ. ಏನೋ ಒಂದು ಅವನೊಳಗೆ ಉಳಿಯುತ್ತದೆ. ಇನ್ನೊಂದು, ಮೊಬೈಲಿನಲ್ಲಿ ಸಿಗುವ ಅನೇಕ ಆಟಗಳಂತೆ, ಕೊನೆಯೇ ಇಲ್ಲದ್ದು. ಇಂದು ಬಂದರೆ ಬಹುಮಾನ, ನಾಳೆ ತಪ್ಪಿಸಿದರೆ ನಷ್ಟ, ಒಂದು ಹಂತ ದಾಟಿದರೆ ಇನ್ನೊಂದು. ಅವುಗಳನ್ನು ಕಟ್ಟಿರುವುದೇ ಮುಗಿಯಬಾರದು ಎಂದು. ‘ಎಷ್ಟು ಹೊತ್ತು ಆಡಿದೆ?’ ಎಂದು ಮಕ್ಕಳನ್ನು ಕೇಳುತ್ತೇವೆ. ಅದರ ಜೊತೆಗೆ ‘ಈ ಆಟಕ್ಕೆ ಕೊನೆ ಇದೆಯೇ? ನೀನೀಗ ಎಲ್ಲಿದ್ದೀಯ?’ ಎಂದೂ ಕೇಳಿ. ಉತ್ತರದಲ್ಲಿ ಬಹಳ ತಿಳಿಯುತ್ತದೆ.

ಹಾಗೆಂದು ಅಪಾಯವನ್ನು ಅಲ್ಲಗಳೆಯುತ್ತಿಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂತು. ಹತೋಟಿ ತಪ್ಪುವುದು, ಊಟ ಓದು ಗೆಳೆತನಗಳಿಗಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದೆಯೆಂದು ಕಂಡರೂ ಬಿಡಲಾಗದಿರುವುದು, ಇವು ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಹೀಗೆ ನಡೆದಿದ್ದರೆ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾರೆ. ಇಂತಹವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ವಿಶೇಷ ಚಿಕಿತ್ಸಾಲಯ ಆರಂಭವಾಯಿತು. ಅನುಮಾನವಿದ್ದರೆ ಸಂಕೋಚಪಡದೆ ತಜ್ಞರನ್ನು ಕಾಣಿ. ಪರೀಕ್ಷೆಯ ಹಿಂದಿನ ಸಂಜೆ ಆಟ ಬೇಡ ಎಂದದ್ದೂ ತಪ್ಪಲ್ಲ, ಇಂದೂ ಹಾಗೇ ಹೇಳುತ್ತೇನೆ. ನನ್ನ ತಪ್ಪು ಎರಡು: ಎರಡು ನಿಮಿಷ ಕೊಡಲಿಲ್ಲ, ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆಂದು ಹೇಳಿ ಮಾತು ತಪ್ಪಿದೆ.

ಅಂದ ಹಾಗೆ, ಆ ಎರಡು ನಿಮಿಷವೂ ಬೇಕಿರಲಿಲ್ಲ. ಈ ಆಟದಲ್ಲಿ ಎ, ಬಿ, ಸ್ಟಾರ್ಟ್, ಸೆಲೆಕ್ಟ್ ಎಂಬ ನಾಲ್ಕು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು, ಉಳಿಸಬೇಕೇ ಎಂದು ಯಂತ್ರವೇ ಕೇಳುತ್ತದೆ. ಹತ್ತು ಸೆಕೆಂಡಿನ ಕೆಲಸ.

ಮಕ್ಕಳೇ, ನಿಮಗೂ ಒಂದು ಮಾತು. ನಾನು ಈ ಆಟದಲ್ಲಿ 47 ಬಾರಿ ಸತ್ತೆ. ಯಂತ್ರ ಆ ಲೆಕ್ಕವನ್ನು ಹೆಸರಿನ ಪಕ್ಕದಲ್ಲೇ ಬರೆದು ತೋರಿಸುತ್ತದೆ. ಅದು ಬೈಯುವುದಿಲ್ಲ, ಅಣಕಿಸುವುದಿಲ್ಲ, ಮತ್ತೆ ಬಾಗಿಲ ಬಳಿ ನಿಲ್ಲಿಸುತ್ತದೆ ಅಷ್ಟೆ. ಬೀಜಗಣಿತದ ಲೆಕ್ಕಕ್ಕೂ ಇಷ್ಟೇ ಸಲ ಬಾಗಿಲಿಗೆ ಹಿಂದಿರುಗಿ. ಒಮ್ಮೆಯೂ ಸಾಯದೆ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಮಾರಿನ್ ಕಾಣುವ ಪುಟ್ಟ ದೃಶ್ಯವೊಂದು ಹೆಚ್ಚಾಗಿ ಸಿಗುತ್ತದೆ. ಅದು ನನ್ನ ಪಾಲಿಗಿಲ್ಲ.

ಆಟ ಮುಗಿದ ಮೇಲೆ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಕೊನೆಯ ಬಾರಿ ಉಳಿಸಿದ ಕಡೆಯಿಂದ ದ್ವೀಪ ಇದ್ದಂತೆಯೇ ಬಂತು. ಯಾರೂ ಎಲ್ಲಿಗೂ ಹೋಗಿರಲಿಲ್ಲ. ಮೂರು ಖಾನೆಗಳಲ್ಲಿ ಮೊದಲನೆಯದು ನನ್ನದು. ಎರಡನೆಯದರಲ್ಲಿ ನನ್ನ ಮಗನ ಹೆಸರು ಬರೆದು, ಸೆಲ್ ತೆಗೆದು ಬೇರೆ ಪೊಟ್ಟಣದಲ್ಲಿ ಹಾಕಿ, ಪಾರ್ಸೆಲ್ ಮಾಡಿ ಅವನಿಗೆ ಕಳುಹಿಸಿದ್ದೇನೆ. ಅಂತ್ಯ ಏನೆಂದು ಹೇಳಿಲ್ಲ. ಈ ವಾರದ ಪುರವಣಿ ಅವನ ಕೈಗೆ ಸಿಗದಂತೆ ನೋಡಿಕೊಳ್ಳಬೇಕೆಂದು ಅವನ ಅಮ್ಮನಿಗೂ ಹೇಳಿದ್ದೇನೆ.

ಈ ವಾರದ ಪ್ರಶ್ನೆ: ಗೇಮ್ ಬಾಯ್‌ನಲ್ಲಿ 1.5 ವೋಲ್ಟ್‌ನ ನಾಲ್ಕು ಸೆಲ್‌ಗಳು ಸರಣಿಯಲ್ಲಿವೆ. ಅವುಗಳಲ್ಲಿ ಒಂದನ್ನು ಮಾತ್ರ ತಿರುವುಮುರುವಾಗಿ ಹಾಕಿದರೆ ಒಟ್ಟು ಎಷ್ಟು ವೋಲ್ಟ್ ಸಿಗುತ್ತದೆ? ಹಾಕಿ ನೋಡಬೇಡಿ, ಯೋಚಿಸಿ ಹೇಳಿ. ಉತ್ತರ ಮುಂದಿನ ವಾರ.